ಮನೆಯಲ್ಲೇ ಕಿವಿ ಪರೀಕ್ಷೆ: ಬೀಪ್ ಸದ್ದೋ, ಗದ್ದಲದ ನಡುವಿನ ಅಂಕಿಗಳೋ?

ಶ್ರವಣತಜ್ಞರು ಕೊಟ್ಟ ಆಡಿಯೋಗ್ರಾಮ್ (ಯಾವ ನಾದ ಎಷ್ಟು ಮೆಲ್ಲಗಿದ್ದರೂ ಕೇಳಿಸುತ್ತದೆ ಎಂದು ತೋರಿಸುವ ನಕ್ಷೆ) ಎದುರಿಗಿಟ್ಟುಕೊಂಡೇ ಮೊಬೈಲಿನ ಪರೀಕ್ಷೆಗಳನ್ನು ಮಾಡಿ ನೋಡಿದೆ. ನನ್ನ ಎರಡೂ ಕಿವಿಗಳಲ್ಲಿ 4000 ಹರ್ಟ್ಜ್‌ನಿಂದಾಚೆ ಶ್ರವಣ ಸ್ವಲ್ಪ ಕುಗ್ಗಿದೆ, ಅಂದರೆ ಕೀಚಲು ಸದ್ದುಗಳು ಕಡಿಮೆ ಕೇಳಿಸುತ್ತವೆ. ಮನೆಯ ಪರೀಕ್ಷೆ ಇದನ್ನು ಹಿಡಿಯುತ್ತದೆಯೇ ಎಂದು ತಿಳಿಯಬೇಕಿತ್ತು.

ಬೀಪ್ ಪರೀಕ್ಷೆಯ ಕ್ರಮ ಆಸ್ಪತ್ರೆಯದ್ದೇ: ಸಣ್ಣ ನಾದ ಕೇಳಿಸಿದಾಗಲೆಲ್ಲ ಪರದೆ ಒತ್ತಬೇಕು. ಆದರೆ ಆಸ್ಪತ್ರೆಯಲ್ಲಿ ಸದ್ದು ನುಗ್ಗದ ಕೋಣೆಯಿದೆ, ಡೆಸಿಬಲ್ ಅಳೆದು ಹೊಂದಿಸಿದ ಹೆಡ್‌ಫೋನ್ ಇದೆ. ಮನೆಯಲ್ಲಿ ಇಯರ್‌ಫೋನ್ ಬದಲಿಸಿದರೆ ಫಲಿತಾಂಶವೇ ಬದಲಾಯಿತು. ಫ್ಯಾನ್ ತಿರುಗುತ್ತಿದ್ದಾಗ 500 ಹರ್ಟ್ಜ್‌ನಲ್ಲೂ ದೋಷವಿದೆ ಎಂದಿತು. ಆಡಿಯೋಗ್ರಾಮ್‌ನಲ್ಲಿ ಅಲ್ಲಿ ನನಗೆ ಏನೂ ತೊಂದರೆಯಿಲ್ಲ. ಏರ್‌ಪಾಡ್ಸ್ ಪ್ರೊ 2ಕ್ಕೆ ಆ್ಯಪಲ್ 2024ರಲ್ಲಿ ತಂದ ಪರೀಕ್ಷೆಯಲ್ಲಿ ಇಯರ್‌ಫೋನ್ ಯಾವುದೆಂದು ಮೊದಲೇ ಗೊತ್ತಿರುವುದರಿಂದ ಈ ತೊಡಕು ಕಡಿಮೆ. ಆದರೆ ಅಷ್ಟು ದುಬಾರಿ ಸಾಧನ ಎಷ್ಟು ಮನೆಗಳಲ್ಲಿದೆ?

ನನಗೆ ಭರವಸೆ ಮೂಡಿಸಿದ್ದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರತಂದ ಆ್ಯಪ್ ‘ಹಿಯರ್‌ಡಬ್ಲ್ಯುಎಚ್‌ಒ’. ಗುಂಯ್ಗುಡುವ ಗದ್ದಲದ ನಡುವೆ ಮೂರು ಅಂಕಿಗಳು ಕೇಳಿಸುತ್ತವೆ, ಅವನ್ನು ಒತ್ತಬೇಕು. ಸರಿಯಾಗಿ ಒತ್ತಿದರೆ ಮುಂದಿನ ಸುತ್ತು ಕಠಿಣ, ತಪ್ಪಿದರೆ ಸುಲಭ. ಇಲ್ಲಿ ಅಳೆಯುವುದು ಸದ್ದಿನ ಪ್ರಮಾಣವನ್ನಲ್ಲ, ಮಾತಿಗೂ ಗದ್ದಲಕ್ಕೂ ಇರುವ ಅಂತರವನ್ನು. ಧ್ವನಿ ಏರಿಸಿದರೆ ಎರಡೂ ಒಟ್ಟಿಗೇ ಏರುತ್ತವೆ. ಹಾಗಾಗಿ ಅಗ್ಗದ ಇಯರ್‌ಫೋನ್ ಕೂಡ ಸಾಕು. ನೆದರ್ಲೆಂಡ್ಸ್‌ನಲ್ಲಿ 2003ರಲ್ಲೇ ಇಂಥದೇ ಪರೀಕ್ಷೆಯನ್ನು ಟೆಲಿಫೋನ್ ಮೂಲಕ ನಡೆಸಲು ಸಾಧ್ಯವಾದದ್ದು ಇದರಿಂದಲೇ. ಇಯರ್‌ಫೋನ್ ಬದಲಿಸಿದರೂ ನನ್ನ ಅಂಕ ಹೆಚ್ಚೇನೂ ಕದಲಲಿಲ್ಲ. ಮದುವೆಮನೆಯ ಗಲಾಟೆಯಲ್ಲಿ ಮಾತು ತಪ್ಪಿಹೋಗುವ ನನ್ನ ನಿಜವಾದ ಕಷ್ಟಕ್ಕೂ ಇದೇ ಹತ್ತಿರ.

ಅಂಕಿಗಳು ಇಂಗ್ಲಿಷಿನವು. ಆದರೂ ನಮ್ಮ ದೊಡ್ಡಪ್ಪನಿಗೆ ಅದು ಅಡ್ಡಿಯಾಗಲಿಲ್ಲ. ಮೊಬೈಲ್ ನಂಬರನ್ನು ಅವರು ಹೇಳುವುದೇ ಇಂಗ್ಲಿಷಿನಲ್ಲಿ. ಅವರು ಕೇಳಿದ್ದನ್ನು ಹೇಳುತ್ತಾ ಹೋದರು, ನಾನು ಒತ್ತುತ್ತಾ ಹೋದೆ. ಹಾಗಿದ್ದರೂ ಕನ್ನಡದ ಅಂಕಿಗಳಲ್ಲೇ ಇಂಥ ಪರೀಕ್ಷೆ ಹಳ್ಳಿಹಳ್ಳಿಗೂ ತಲುಪಬೇಕು ಎಂಬುದು ನನ್ನ ಗಟ್ಟಿ ಆಸೆ.

ಕಿವಿ ಕೇಳಿಸದೆ ಆಗುವ ಕಷ್ಟಗಳ ಬಗ್ಗೆ ಹತ್ತು ಪ್ರಶ್ನೆಗಳ ಪ್ರಶ್ನಾವಳಿಯನ್ನೂ ಅವರಿಗೆ ಕೊಟ್ಟಿದ್ದೆ. ದೊಡ್ಡಪ್ಪ ಎಲ್ಲಕ್ಕೂ ‘ಇಲ್ಲ’ ಎಂದರು, ಪಕ್ಕದಲ್ಲಿದ್ದ ದೊಡ್ಡಮ್ಮ ಅರ್ಧಕ್ಕೆ ‘ಹೌದು’ ಎಂದರು. ಮನೆಯವರನ್ನು ಕೂರಿಸಿಕೊಂಡು ತುಂಬಿದರೆ ಮಾತ್ರ ಅದಕ್ಕೆ ಬೆಲೆ.

ಅಂಕಿಗಳ ಪರೀಕ್ಷೆಗೂ ಒಂದು ಕುರುಡು ಜಾಗವಿದೆ. ಗುಗ್ಗೆ ತುಂಬಿದ್ದರೆ ಅಥವಾ ಮಧ್ಯಕಿವಿಯಲ್ಲಿ ತೊಂದರೆಯಿದ್ದರೆ ಧ್ವನಿ ಏರಿಸಿಕೊಂಡವರು ಸುಲಭವಾಗಿ ಪಾಸಾಗುತ್ತಾರೆ. ಅಂಥವರಿಗೆ ವೈದ್ಯರ ಬಳಿ ನಡೆಯುವ ಬೀಪ್ ಪರೀಕ್ಷೆಯೇ ಬೇಕು. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಯಾವ ಆ್ಯಪನ್ನೂ ತೆರೆಯದೆ ಅದೇ ದಿನ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಿ. ತಡವಾದಷ್ಟೂ ಶ್ರವಣ ಮರಳುವ ಸಾಧ್ಯತೆ ಕಡಿಮೆಯಾಗುತ್ತದೆ.