ಥರ್ಮಾಕೋಲ್ ಬಾಕ್ಸ್‌ನಲ್ಲಿ ಬಂದ ಹವಳ: ಮರೈನ್ ಟ್ಯಾಂಕ್ ಇಡುವವರು ಓದಿ

ಶಿವಮೊಗ್ಗ, ಭದ್ರಾವತಿ, ಸಾಗರ, ತೀರ್ಥಹಳ್ಳಿ ಕಡೆ ಉಪ್ಪುನೀರಿನ ಅಕ್ವೇರಿಯಂ ಶುರು ಮಾಡಬೇಕು ಅಂದುಕೊಂಡವರಿಗೆ ಈ ಮಾತು. ವಾಟ್ಸಾಪ್‌ನಲ್ಲಿ ಫೋಟೊ ತೋರಿಸಿ, ಬಿಲ್ ಕೊಡದೆ, ರಾತ್ರಿ ಬಸ್ಸಿಗೆ ಪಾರ್ಸೆಲ್ ಹಾಕುವವರ ಹತ್ತಿರ ಏನನ್ನೂ ತಗೋಬೇಡಿ. ದುಡ್ಡು ಹೋಗುವುದು ಹಾಗಿರಲಿ, ಕೇಸು ನಿಮ್ಮ ಮೇಲೆ ಬೀಳಬಹುದು.

ಅಂಥವನೊಬ್ಬನ ಹತ್ತಿರ ನಾನು ಕೇಳಿದ್ದು ಸಿರಾಮಿಕ್ ರಾಕ್ (ಟ್ಯಾಂಕಿಗೆಂದೇ ತಯಾರಿಸಿದ ಕಲ್ಲು), ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಒಂದು ಜೋಡಿ ಕ್ಲೌನ್ ಫಿಶ್ ಅನ್ನುವ ಸಣ್ಣ ಸಮುದ್ರ ಮೀನು, ಟ್ಯಾಂಕಿನ ನೀರಿಗೆ ಒಂದು ಚೀಲ ಸಾಲ್ಟ್. ಅಷ್ಟೇ. ಆತ ಬೆಂಗಳೂರಿನ ಕಡೆಯವನು, ಹೆಸರು ಬೇಡ. "ಎಲ್ಲಾ ಕಲ್ಚರ್ಡ್ ಸಾರ್, ಟೆನ್ಶನ್ ಬೇಡ" ಅಂದ. ಅಂದರೆ ಸಮುದ್ರದಿಂದ ತಂದದ್ದಲ್ಲ, ಸಾಕಿ ಬೆಳೆಸಿದ್ದು ಅಂತ. ಪೂರ್ತಿ ದುಡ್ಡು ಮೊದಲೇ ಹಾಕಿಸಿಕೊಂಡ. ಬೆಳಿಗ್ಗೆ ಬಸ್ ಸ್ಟ್ಯಾಂಡಿನಿಂದ ಬಾಕ್ಸ್ ತಂದು ಟೇಪ್ ಬಿಚ್ಚಿದರೆ ಗಬ್ಬು ವಾಸನೆ. ಸಿರಾಮಿಕ್ ರಾಕ್ ಒಂದೂ ಇಲ್ಲ. ಒದ್ದೆ ಪೇಪರಿನಲ್ಲಿ ಸುತ್ತಿದ ಸಮುದ್ರದ ಕಲ್ಲುಗಳು. ಅದರಲ್ಲಿ ಎರಡರ ಮೇಲೆ ಹವಳ (ಕಲ್ಲಿನಂಥ ಗೂಡು ಕಟ್ಟುವ ಸಮುದ್ರಜೀವಿ), ಅರ್ಧ ಜೀವ ಇದ್ದದ್ದು. ಕ್ಲೌನ್ ಜೊತೆಗೆ ಕೇಳದೇ ಇದ್ದ ಒಂದು ಬ್ಲೂ ಟ್ಯಾಂಗ್, ನೀಲಿ ಬಣ್ಣದ ಸಮುದ್ರ ಮೀನು. "ಗಿಫ್ಟ್" ಅಂತೆ.

ಅದು ಸಮುದ್ರದ್ದೇ ಅಂತ ತಿಳಿಯೋಕೆ ದೊಡ್ಡ ವಿದ್ಯೆ ಬೇಕಾಗಲಿಲ್ಲ. ಟ್ಯಾಂಕಿನಲ್ಲಿ ಬೆಳೆಸಿದ ಹವಳವನ್ನು ಸಾಮಾನ್ಯವಾಗಿ ಸಣ್ಣ ಬಿಲ್ಲೆಯ ಮೇಲೆ ಅಂಟಿಸಿರುತ್ತಾರೆ. ಇದರ ಅಡಿಭಾಗ ಹಸಿಹಸಿಯಾಗಿ ಮುರಿದಿತ್ತು, ಬೆಳ್ಳಗೆ ಸುಣ್ಣದ ಹಾಗೆ. ಉಳಿಯ ಗುರುತೂ ಇತ್ತು. ಸಂದಿಯಲ್ಲಿ ಸತ್ತ ಏಡಿ, ಕೊಳೆತ ಸ್ಪಂಜು. ಗುಂಡುಗುಂಡಾಗಿ ಬೆಳೆಯುವ ಹವಳ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆದರೆ ಹೆಚ್ಚು. ಮುಷ್ಟಿ ಗಾತ್ರದ ತುಂಡು ಅಂದರೆ ಎಷ್ಟು ವರ್ಷದ್ದು, ನೀವೇ ಲೆಕ್ಕ ಹಾಕಿ.

ಫೋನ್ ಮಾಡಿದೆ. "ಟ್ಯಾಂಕಿಗೆ ಹಾಕಿ ಸಾರ್, ಹೆಂಗೆ ಅರಳುತ್ತೆ ನೋಡಿ" ಅಂದ. ಬಿಲ್ ಕೇಳಿದೆ. "ಈ ಫೀಲ್ಡಲ್ಲಿ ಬಿಲ್ ಎಲ್ಲಾ ಇರಲ್ಲ." ಎರಡನೇ ಸಲ ಕೇಳಿದಾಗ ಬ್ಲಾಕ್.

ಬಿಲ್ ಇರೋದಿಲ್ಲ ಯಾಕೆ ಅಂದರೆ ಇರೋಕೆ ಸಾಧ್ಯವೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿಗೆ ಸಮುದ್ರದಡಿ ದಿಬ್ಬ ಕಟ್ಟುವ ಕಲ್ಲು ಹವಳಗಳೆಲ್ಲ 2001ರಲ್ಲೇ ಸೇರಿವೆ. ಕಪ್ಪು ಹವಳ, ಬೆಂಕಿ ಹವಳ, ಸೀ ಫ್ಯಾನ್ (ಬೀಸಣಿಗೆಯಂಥ ಹವಳ), ಕಡಲ ಕುದುರೆ ಕೂಡ. ಹುಲಿ ಇರುವ ಪಟ್ಟಿ ಅದು. ಶಿಕ್ಷೆ ಕನಿಷ್ಠ 3 ವರ್ಷ, 7 ವರ್ಷದವರೆಗೂ ಹೋಗಬಹುದು. ಮಾರುವುದು ಮಾತ್ರ ಅಲ್ಲ, ಇಟ್ಟುಕೊಳ್ಳುವುದೂ ಅಪರಾಧವೇ. ಸತ್ತು ಒಣಗಿದ ತುಂಡಿಗೂ ರಿಯಾಯಿತಿ ಇಲ್ಲ.

ಹಾಗಾಗಿ ಅದನ್ನು ಟ್ಯಾಂಕಿಗೆ ಇಳಿಸಲಿಲ್ಲ. ಬಾಕ್ಸಿನ ಫೋಟೊ, ಚಾಟ್, ದುಡ್ಡು ಹಾಕಿದ ಸ್ಕ್ರೀನ್‌ಶಾಟ್ ಎಲ್ಲಾ ಇಟ್ಟುಕೊಂಡು ಅರಣ್ಯ ಇಲಾಖೆಯವರಿಗೆ ತಿಳಿಸಿದೆ. ಕಾಡುಕೋಣ, ಕಾಳಿಂಗ, ಆನೆ ಅಂತ ಓಡಾಡುವವರ ಮೇಜಿನ ಮೇಲೆ ಹವಳ! ಮೊದಲು ಅವರಿಗೂ ಸ್ವಲ್ಪ ಗಲಿಬಿಲಿಯಾಯಿತು. ಆದರೆ ಬರೆದುಕೊಂಡರು, ಕಲ್ಲು ತಗೊಂಡರು. ಹವಳ ಮಾತ್ರ ಅಷ್ಟರಲ್ಲಿ ಸತ್ತಿತ್ತು.

ಬ್ಲೂ ಟ್ಯಾಂಗ್ ನನ್ನ ಹತ್ತಿರವೇ ಉಳಿಯಿತು. ಚೆನ್ನಾಗಿ ತಿನ್ನುತ್ತಿತ್ತು, ಓಡಾಡುತ್ತಿತ್ತು. ನೀರಿನ ಟೆಸ್ಟ್ ಎಲ್ಲಾ ಸರಿ. ಒಂದು ದಿನ ಸುಮ್ನೆ ಮಗುಚಿ ಬಿದ್ದಿತು. ಈ ಜಾತಿಯ ಮೀನು ಹೆಚ್ಚಾಗಿ ಇಂಡೋನೇಷ್ಯಾ, ಫಿಲಿಪೈನ್ಸ್ ಸಮುದ್ರದಿಂದ ಹಿಡಿದು ತಂದದ್ದೇ. ತೊಟ್ಟಿಯಲ್ಲಿ ಮರಿ ಮಾಡಿಸೋಕೆ ಸಾಧ್ಯವಾದದ್ದೇ 2016ರಲ್ಲಿ, ಫ್ಲೋರಿಡಾದಲ್ಲಿ. ಇಂಡೋನೇಷ್ಯಾ, ಫಿಲಿಪೈನ್ಸ್ ಕಡೆ ಕೆಲವರು ಬಾಟಲಿಗೆ ಸಯನೈಡ್ ಕದಡಿಕೊಂಡು ಮುಳುಗುತ್ತಾರೆ, ಹವಳದ ಸಂದಿಗೆ ಪಿಚಕಾರಿ ಹೊಡೆಯುತ್ತಾರೆ. ಮೀನು ಮಂಕಾಗಿ ಕೈಗೆ ಸಿಗುತ್ತದೆ. ಸುತ್ತಲಿನ ಹವಳ ಬಿಳಿಚಿ ಸಾಯುತ್ತದೆ. ಹಾಗೆ ಹಿಡಿದ ಮೀನು ಚೆನ್ನಾಗಿದೆ ಅನ್ನಿಸಿ, ಕೆಲವು ವಾರ ಕಳೆದ ಮೇಲೂ ಸಾಯಬಹುದು. ನನ್ನದು ಅದೇ ಅಂತ ಸಾಬೀತು ಮಾಡಲಾರೆ. ಅನುಮಾನ ಮಾತ್ರ ಹೋಗಿಲ್ಲ.

"ಒಂದು ತುಂಡಿನಿಂದ ಸಮುದ್ರಕ್ಕೇನು ಆಗುತ್ತೆ" ಅಂತ ಗೆಳೆಯನೊಬ್ಬ ಕೇಳಿದ. ನೀರು ಮಾಮೂಲಿಗಿಂತ ಒಂದೆರಡು ಡಿಗ್ರಿ ಬಿಸಿಯಾಗಿ ಕೆಲವು ವಾರ ಹಾಗೇ ಇದ್ದರೆ ಸಾಕು, ಹವಳ ಬಿಳಿಚುತ್ತದೆ. ಲಕ್ಷದ್ವೀಪ, ಮನ್ನಾರ್ ಕೊಲ್ಲಿಯ ಹವಳಗಳು 1998, 2010, 2016ರಲ್ಲಿ ಈ ಪೆಟ್ಟು ತಿಂದಿವೆ. ಬದುಕಿ ಉಳಿದದ್ದು ಗಟ್ಟಿ ತಳಿ. ಮತ್ತೆ ದಿಬ್ಬ ಬೆಳೆಯಬೇಕಾದರೆ ಅದೇ ಬೀಜ. ಉಳಿ ಬೀಳುವುದು ಅದರ ಮೇಲೇ. ಇಲ್ಲಿ ತಂದು ಮಾಡುವುದಾದರೂ ಏನು? ಏಪ್ರಿಲ್ ಸೆಕೆಗೆ ನೀರು ತಂಪು ಮಾಡುವ ಚಿಲ್ಲರ್ ಬೇಕು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಹೊಸನಗರ, ತೀರ್ಥಹಳ್ಳಿ ಕಡೆ ಕರೆಂಟ್ ಯಾವಾಗ ಬರುತ್ತೆ ಅಂತ ಲೈನ್‌ಮನ್‌ಗೂ ಗೊತ್ತಿರಲ್ಲ. ಯುಪಿಎಸ್ ಕೈಕೊಟ್ಟ ರಾತ್ರಿ ಹವಳವೂ ಮುಗಿಯಿತು.

ಟ್ಯಾಂಕ್ ಇಡಲೇಬೇಡಿ ಅಂತ ಹೇಳುತ್ತಿಲ್ಲ. ನನ್ನದು ಈಗಲೂ ಓಡುತ್ತಿದೆ. ಕ್ಲೌನ್ ಫಿಶ್ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರೇ ಮಂಟಪಂ, ವಿಳಿಂಜಂ ಕೇಂದ್ರಗಳಲ್ಲಿ ರೂಢಿಗೆ ತಂದಿದ್ದಾರೆ. ಹಾಗಾಗಿ ಸಮುದ್ರದಿಂದ ಹಿಡಿದ ಕ್ಲೌನ್ ತಗೊಳ್ಳೋಕೆ ಕಾರಣವೇ ಇಲ್ಲ. ತೊಟ್ಟಿಯ ಮರಿಗಳು ಹೆಚ್ಚುಕಮ್ಮಿ ಒಂದೇ ಗಾತ್ರ ಇರುತ್ತವೆ, ಒಣ ಆಹಾರ ತಿನ್ನುತ್ತವೆ. ತಿನ್ನುವ ವಿಡಿಯೊ, ಸಾಧ್ಯವಾದರೆ ತಾಯಿ ಮೀನಿನ ವಿಡಿಯೊ ಕೂಡ ಕಳಿಸಿ ಅಂತ ಕೇಳಿ. ರಾಕ್ ಬೇಕಾದರೆ ಸಿರಾಮಿಕ್ ತಗೊಂಡು, ಮೀನಿನ ಕೊಳೆ ಅರಗಿಸುವ ಬ್ಯಾಕ್ಟೀರಿಯಾ ಹಾಕಿ, ತಿಂಗಳೋ ಒಂದೂವರೆ ತಿಂಗಳೋ ಕಾಯಿರಿ. ಮ್ಯಾಂಡರಿನ್ ಮೀನಿನ ಬಣ್ಣಕ್ಕೆ ಮರುಳಾಗಬೇಡಿ. ಕಲ್ಲಿನ ಮೇಲಿನ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಜೀವಿಗಳೇ ಅದರ ಊಟ. ಹೊಸ ಟ್ಯಾಂಕಿನಲ್ಲಿ ಉಪವಾಸ ಬಿದ್ದು ಸಾಯುತ್ತದೆ. ಬಾಕ್ಸ್ ಬಂದಾಗ ಟೇಪ್ ಬಿಚ್ಚುವುದನ್ನು ವಿಡಿಯೊ ಮಾಡಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು. ಜೋಗ, ಹೊನ್ನಾವರದ ಮೇಲೆ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಮಾಡುವವರು ನಮ್ಮ ಕಡೆ ಈಗ ಜಾಸ್ತಿ, ಅಲ್ವಾ? ಅಲ್ಲಿಯೂ ಹವಳ ಇದೆ. ಟ್ಯಾಂಕಿಗೆ ಚೆಂದ ಕಾಣುತ್ತೆ ಅಂತ ಒಂದು ಚೂರು ಜೇಬಿಗೆ ಹಾಕಿಕೊಂಡರೂ ಅದೇ ಕಾಯ್ದೆ, ಅದೇ ಶೆಡ್ಯೂಲ್.