ಬಿ.ಕಾಂ. ಮಾಡಿದೆ, ಎಂ.ಸಿ.ಎ.ಯನ್ನೂ ಮಾಡಿದೆ: ಐಟಿ ಕೆಲಸಕ್ಕೆ ಒದಗಿದ್ದು ಯಾವುದು?

ಪ್ಲಸ್ ಟೂ ರಿಸಲ್ಟ್ ಬಂದರೆ ಸಾಕು, ಕೇರಳದ ಗಡಿಯಲ್ಲಿರುವ ನಮ್ಮ ಕುಂಬಳೆ ಕಡೆಯ ಮನೆಗಳಲ್ಲಿ ಒಂದೇ ಚರ್ಚೆ. ಐಟಿ ಕೆಲಸ ಬೇಕು, ಆದರೆ ಕಂಪ್ಯೂಟರಿಗೆ ಸೇರುವುದಾ, ಕಾಮರ್ಸಿಗೆ ಸೇರುವುದಾ? ಈ ವರ್ಷ ಇಬ್ಬರು ನನ್ನನ್ನೇ ಕೇಳಿದರು. ನಾನು ಎರಡೂ ಕಡೆ ಹೋಗಿ ಬಂದವನು. 2018ರಲ್ಲಿ ಬಿ.ಕಾಂ. ಮುಗಿಸಿ, ಮಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರಿನ ಸಪೋರ್ಟ್ ಕೆಲಸಕ್ಕೆ ಸೇರಿದೆ. ಆಮೇಲೆ ಎಂ.ಸಿ.ಎ. ಮಾಡಿದೆ. ಈಗ ಕೋಡ್ ಬರೆದೇ ಸಂಬಳ.

ಬಿ.ಕಾಂ.ಗೆ ಸಿಗಬೇಕಾದ ಮರ್ಯಾದೆ ಮೊದಲು ಕೊಟ್ಟುಬಿಡುತ್ತೇನೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಲೆಕ್ಚರರಿಗೂ ಹೊಸದು, ನಮಗೂ ಹೊಸದು. ಮರುವರ್ಷ ಕೆಲಸಕ್ಕೆ ಸೇರಿದಾಗ ಅಂಗಡಿಯವರ ಫೋನು ಎತ್ತಿದರೆ ಬರೀ ಅದೇ ಗೋಳು.

ಒಂದು ದಿನ ಉಪ್ಪಳದ ಪೈಪ್ ಅಂಗಡಿಯಿಂದ ಕರೆ. ತೊಕ್ಕೊಟ್ಟಿನ ಅಂಗಡಿಗೆ ಟೆಂಪೋದಲ್ಲಿ ಪಿವಿಸಿ ಪೈಪ್ ಕಳಿಸಿದ್ದಾರೆ. ಬಿಲ್ಲಿನಲ್ಲಿ ಸಿಜಿಎಸ್‌ಟಿ (ಕೇಂದ್ರದ ಪಾಲು) 9 ಶೇಕಡಾ, ಎಸ್‌ಜಿಎಸ್‌ಟಿ (ರಾಜ್ಯದ ಪಾಲು) 9 ಶೇಕಡಾ ಅಂತ ಬಿದ್ದಿದೆ. ಉಪ್ಪಳ ಕೇರಳ, ತೊಕ್ಕೊಟ್ಟು ಕರ್ನಾಟಕ. ತಲಪಾಡಿ ದಾಟಿದರೆ ಬೇರೆ ರಾಜ್ಯ, ಅಲ್ವಾ? ಅದು ಐಜಿಎಸ್‌ಟಿ (ರಾಜ್ಯ ದಾಟುವ ಮಾಲಿನ ತೆರಿಗೆ) 18 ಶೇಕಡಾ ಆಗಬೇಕು. ನಮ್ಮ ಪ್ರೋಗ್ರಾಮರ್ ತುಂಬಾ ಚುರುಕಿನ ಹುಡುಗ, ಬಿ.ಟೆಕ್. ಬಿಲ್ಲು ನೋಡಿ, "ಟೋಟಲ್ ಸರಿ ಇದೆಯಲ್ಲ, ಏನು ತೊಂದರೆ?" ಅಂದ. ಟೋಟಲ್ ಸರಿಯೇ ಇತ್ತು. ಆದರೆ ಕೇರಳದ ಎಸ್‌ಜಿಎಸ್‌ಟಿಯನ್ನು ಕರ್ನಾಟಕದ ವ್ಯಾಪಾರಿ ತನ್ನ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುವಂತಿಲ್ಲ. ಇತ್ತ ಉಪ್ಪಳದವರು ಐಜಿಎಸ್‌ಟಿ ಕಟ್ಟಿ, ತಪ್ಪಾಗಿ ಕಟ್ಟಿದ್ದನ್ನು ರೀಫಂಡ್ ಕೇಳಬೇಕು. ಕೋಡ್ ನೋಡಿದರೆ, ಗಿರಾಕಿಯ ರಾಜ್ಯ ಬರೆಯದೆ ಖಾಲಿ ಬಿಟ್ಟರೆ ಅಂಗಡಿಯ ರಾಜ್ಯವನ್ನೇ ಹಾಕಿಕೊಳ್ಳುತ್ತಿತ್ತು. "ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ನೋಡು ಮಾರಾಯ, ಕೇರಳ 32, ಕರ್ನಾಟಕ 29" ಅಂದೆ. ಹತ್ತು ನಿಮಿಷದಲ್ಲಿ ಸರಿ ಮಾಡಿದ. ಅವತ್ತು ನನಗೆ ಸ್ವಲ್ಪ ಕೊಂಬು ಬಂದದ್ದು ನಿಜ.

ಆ ಕೊಂಬು ಜಾಸ್ತಿ ದಿನ ಉಳಿಯಲಿಲ್ಲ. ಅದೇ ಸಾಫ್ಟ್‌ವೇರಿನಲ್ಲಿ ಸ್ಟಾಕ್ ರಿಪೋರ್ಟ್ ಕೇಳಿದರೆ ಅಂಗಡಿಯವರು ಚಾ ಕುಡಿದು ಬರಬಹುದಿತ್ತು, ಅಷ್ಟು ನಿಧಾನ. ಅವರು ಬೈಯುವುದು ನನಗೆ. ನಾನು ಹೇಳುತ್ತಿದ್ದದ್ದು ಒಂದೇ: "ಸಿಸ್ಟಮ್ ರೀಸ್ಟಾರ್ಟ್ ಮಾಡಿ ನೋಡಿ ಸಾರ್." ಯಾಕೆ ನಿಧಾನ ಅಂತ ನನಗೆ ಗೊತ್ತೇ ಇರಲಿಲ್ಲ. ಗೊತ್ತಾದದ್ದು ಎಂ.ಸಿ.ಎ.ಯ ಡೇಟಾಬೇಸ್ ಲ್ಯಾಬಿನಲ್ಲಿ. ಒಂದೊಂದು ಐಟಂಗೂ ಬೇರೆ ಬೇರೆ ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ, ಓಡಿಸುತ್ತಿದ್ದರು. ಸಾವಿರ ಐಟಂ ಇದ್ದರೆ ಸಾವಿರ ಸಲ ಗೋದಾಮಿಗೆ ಹೋಗಿ ಬಂದ ಹಾಗೆ. ಸಾಲದ್ದಕ್ಕೆ ಟೇಬಲಿಗೆ ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಇಲ್ಲ. ಎಲ್ಲವನ್ನೂ ಒಂದೇ ಸಲಕ್ಕೆ ಜೋಡಿಸಿ ತರುವ ಒಂದು ಜಾಯಿನ್, ಒಂದು ಇಂಡೆಕ್ಸ್, ಅಷ್ಟರಲ್ಲಿ ಮುಗಿಯುವ ಕೆಲಸಕ್ಕೆ ನಾನು ಎರಡು ವರ್ಷ ಬೈಗುಳ ತಿಂದಿದ್ದೆ.

ಎಂ.ಸಿ.ಎ.ಗೆ ಹೋದದ್ದೂ ದೊಡ್ಡ ಆಲೋಚನೆಯಿಂದ ಏನಲ್ಲ. 2020ರ ಮಾರ್ಚಿನಲ್ಲಿ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಬಂದ್ ಮಾಡಿದರು. ಆಫೀಸು ಆಚೆ, ನಾನು ಈಚೆ. ಕಂಪನಿಯಲ್ಲಿ ಪ್ರೋಗ್ರಾಮರುಗಳಿಗೆ ಮನೆಯಿಂದ ಕೆಲಸ ಕೊಟ್ಟರು. ಸಪೋರ್ಟಿನವರಿಗೆ ಅರ್ಧ ಸಂಬಳ, ಆಮೇಲೆ ಅದೂ ಇಲ್ಲ. ಎಂ.ಸಿ.ಎ. ಅದೇ ವರ್ಷ ಮೂರರಿಂದ ಎರಡು ವರ್ಷಕ್ಕೆ ಇಳಿದಿತ್ತು. ಪ್ಲಸ್ ಟೂನಲ್ಲಿ ಕಾಮರ್ಸ್ ಜೊತೆ ಗಣಿತ ಓದಿದ್ದರಿಂದ ಬಚಾವಾದೆ. ನಾನು ಸೇರುವಾಗ ಬಿ.ಕಾಂ.ನವರಿಗೆ ಎಂ.ಸಿ.ಎ. ಸಿಗಬೇಕಾದರೆ ಪ್ಲಸ್ ಟೂನಲ್ಲೋ ಡಿಗ್ರಿಯಲ್ಲೋ ಗಣಿತ ಇರಬೇಕಿತ್ತು. ಕಾಮರ್ಸಿಗೆ ಹೋಗುವ ಮಕ್ಕಳು ಈಗಿನ ನಿಯಮ ಏನೆಂದು ಕೇಳಿಕೊಳ್ಳಲು ಮರೆಯಬೇಡಿ. ಮೊದಲ ಸೆಮಿಸ್ಟರ್ ಮಾತ್ರ ನರಕ. ಬಿ.ಸಿ.ಎ.ಯಿಂದ ಬಂದವರು ಲಿಂಕ್ಡ್ ಲಿಸ್ಟನ್ನು ಮಗ್ಗಿಯ ಹಾಗೆ ಹೇಳುತ್ತಿದ್ದರೆ, ನಾನು ರೇಂಜ್ ಹುಡುಕಿಕೊಂಡು ಟೆರೇಸಿನಲ್ಲಿ ಒಣಹಾಕಿದ ಅಡಿಕೆಯ ನಡುವೆ ಕೂತು ಪಾಯಿಂಟರ್ ಅಂದರೇನು ಅಂತ ಗೂಗಲ್ ಮಾಡುತ್ತಿದ್ದೆ.

ಕೆಲಸ ಸಿಗುವ ವಿಷಯದಲ್ಲಿ ಹೋಲಿಕೆಯೇ ಬೇಡ. ದೊಡ್ಡ ಕಂಪನಿಗಳ ಡೆವಲಪರ್ ಹುದ್ದೆಗೆ ಫ್ರೆಶರ್ ಆಗಿ ಅರ್ಜಿ ಹಾಕಲು ಹೋದಾಗ ಡಿಗ್ರಿಯ ಪಟ್ಟಿಯಲ್ಲಿ ಬಿ.ಟೆಕ್., ಎಂ.ಸಿ.ಎ., ಕೆಲವು ಕಡೆ ಬಿ.ಸಿ.ಎ. ಇರುತ್ತಿತ್ತು. ಬಿ.ಕಾಂ. ಕಂಡದ್ದು ಹೆಚ್ಚಾಗಿ ಬಿಪಿಓ ಮತ್ತು ಅಕೌಂಟ್ಸ್ ಪ್ರೋಸೆಸ್ ಕೆಲಸಗಳಲ್ಲಿ. ಕೆಲಸ ಬರುತ್ತೋ ಇಲ್ಲವೋ ಆಮೇಲಿನ ಮಾತು, ಗೇಟಿನಲ್ಲೇ ನಿಲ್ಲಿಸುತ್ತಾರೆ. ಗಲ್ಫ್ ಲೆಕ್ಕ ಬೇರೆ. ಯುಎಇಯಲ್ಲಿ 2018ರ ಜನವರಿಯಿಂದ 5 ಶೇಕಡಾ ವ್ಯಾಟ್ ಇದೆ, ತೆರಿಗೆ ಲೆಕ್ಕ ಗೊತ್ತಿದ್ದವರು ಅಲ್ಲಿಯೂ ಬೇಕು. ನನ್ನ ಬಿ.ಕಾಂ. ಕ್ಲಾಸಿನ ಇಬ್ಬರು ದುಬೈಯಲ್ಲಿ ಇಆರ್‌ಪಿ (ಕಂಪನಿಯ ಲೆಕ್ಕ, ಸ್ಟಾಕ್ ಎಲ್ಲ ನೋಡಿಕೊಳ್ಳುವ ಸಾಫ್ಟ್‌ವೇರ್) ಸಪೋರ್ಟ್ ಮಾಡಿಕೊಂಡು ನನಗಿಂತ ಚೆನ್ನಾಗಿಯೇ ಇದ್ದಾರೆ. ಅವರಿಗೆ ಕೋಡಿಂಗ್ ಬೇಕಾಗಿಯೂ ಇರಲಿಲ್ಲ.

ಬಿ.ಟೆಕ್. ಬಗ್ಗೆ ನನಗೆ ಅನುಭವ ಇಲ್ಲ, ಸುಮ್ನೆ ಮಾತಾಡುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ: ಕರ್ನಾಟಕದಲ್ಲಿ ಎಂಜಿನಿಯರಿಂಗ್ ನೋಡುವವರು ಸಿಇಟಿಯ ಗಡಿನಾಡು ಕನ್ನಡಿಗರ ನಿಯಮ ಓದಿಕೊಳ್ಳಿ. ಅದಕ್ಕೆ ಬೇರೆಯೇ ಕನ್ನಡ ಪರೀಕ್ಷೆ ಇದೆ. ನಮ್ಮ ಶಾಲೆಗಳಲ್ಲಿ ಓದಿದವರಿಗೆ ಕಷ್ಟ ಆಗಲಿಕ್ಕಿಲ್ಲ.

ಹಾಗಾದರೆ ಯಾವುದು? ಕೋಡ್ ಬರೆಯುವ ಆಸೆ ಇದ್ದರೆ ಬಿ.ಸಿ.ಎ.ಯೇ ಸರಿ, ನನ್ನ ಹಾಗೆ ಸುತ್ತುಬಳಸಿ ಬರಬೇಡಿ. ಡೆಬಿಟ್, ಕ್ರೆಡಿಟ್, ಜಿಎಸ್‌ಟಿ ಇವನ್ನೆಲ್ಲ ಒಂದು ಅಂಗಡಿಯಲ್ಲಿ ಆರು ತಿಂಗಳು ಕೂತರೆ ಕಲಿಯಬಹುದು. ಲಿಂಕ್ಡ್ ಲಿಸ್ಟಿನಂಥ ಡೇಟಾ ಸ್ಟ್ರಕ್ಚರನ್ನು ಹಾಗೆ ಕಲಿತವರನ್ನು ನಾನಂತೂ ನೋಡಿಲ್ಲ. ಕೋಡ್ ಕಂಡರೆ ತಲೆನೋವು ಬರುವವರು ಮಾತ್ರ ಧೈರ್ಯವಾಗಿ ಬಿ.ಕಾಂ. ಮಾಡಿ.

ಈಗಿನ ಆಫೀಸಿನಲ್ಲಿ ನನಗೆ ಸಿಕ್ಕಿರುವುದು ಇನ್‌ವಾಯ್ಸ್ ಮಾಡ್ಯೂಲ್. ಬಿ.ಕಾಂ. ಅಂತ ರೆಸ್ಯೂಮೆಯಲ್ಲಿ ನೋಡಿಯೇ ಕೊಟ್ಟದ್ದು. ಆ ಪೈಪ್ ಬಿಲ್ಲಿನ ಪ್ರೋಗ್ರಾಮರ್ ಬೆಂಗಳೂರಿನಲ್ಲಿ ನನ್ನ ಎರಡರಷ್ಟು ಸಂಬಳ ತೆಗೆದುಕೊಳ್ಳುತ್ತಿದ್ದಾನೆ. ಜಿಎಸ್‌ಟಿ ರಿಟರ್ನ್ ಹಾಕುವ 20ನೇ ತಾರೀಕು ಹತ್ತಿರ ಬಂದರೆ ಈಗಲೂ ಫೋನ್ ಮಾಡುತ್ತಾನೆ.