ಮೂರು ವರ್ಷ ಪ್ಯೂರ್ ಡೇಟಾ ಬಳಸಿದ ಮೇಲೆ: ಎಳೆದ ವೈರ್ ಅಳಿಸಬೇಡಿ

ಪ್ಯೂರ್ ಡೇಟಾ (ಚಿಕ್ಕದಾಗಿ ಪಿಡಿ) ಅಂದರೆ ಪರದೆಯ ಮೇಲೆ ಪೆಟ್ಟಿಗೆಗಳನ್ನಿಟ್ಟು, ಅವನ್ನು ವೈರ್ ಅನ್ನುವ ಗೆರೆಗಳಿಂದ ಜೋಡಿಸಿ ಸದ್ದು ಮಾಡುವ ಸಾಫ್ಟ್‌ವೇರ್. ಇಳಿಸಿಕೊಂಡಿದ್ದು ಅದು ಪುಕ್ಕಟೆ ಅಂತ, ಬೇರೆ ದೊಡ್ಡ ಕಾರಣ ಏನೂ ಇರಲಿಲ್ಲ. ಇದೇ ಥರದ ಮ್ಯಾಕ್ಸ್‌ಗೆ ದುಡ್ಡು ಕೊಡಬೇಕು. ವಿಡಿಯೊ ಕೆಲಸಕ್ಕೆ ಬಳಸುವ ಟಚ್‌ಡಿಸೈನರ್‌ಗೆ ಉಚಿತ ಆವೃತ್ತಿ ಇದೆ, ಆದರೆ ಅದರಲ್ಲಿ ಚಿತ್ರ 1280 ಪಿಕ್ಸೆಲ್ ದಾಟುವುದಿಲ್ಲ, ಜೊತೆಗೆ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಬೇಕು. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಅದನ್ನು ತೆರೆದರೆ ದೋಸೆ ಕಾವಲಿ ಥರ ಕಾಯುತ್ತದೆ. ಪಿಡಿ ಅದೇ ಲ್ಯಾಪ್‌ಟಾಪ್‌ನಲ್ಲಿ ಫ್ಯಾನ್ ಸದ್ದು ಕೂಡ ಇಲ್ಲದೆ ಓಡುತ್ತದೆ.

ಬೆಳಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಮೊದಲು ಮಾಡುವ ಕೆಲಸ ಖಾಲಿ ಬಿಳಿ ಪುಟ ತೆರೆಯುವುದು. ಉಳಿಸಿಟ್ಟ ಪ್ಯಾಚ್ (ಪೆಟ್ಟಿಗೆ, ವೈರ್ ಜೋಡಿಸಿ ಕಟ್ಟಿದ ಪ್ರೋಗ್ರಾಮ್) ಇದೆ, ಆದರೂ ದಿನಾ ಹೊಸದಾಗಿ ಕಟ್ಟುತ್ತೇನೆ, ಸುಮ್ನೆ ಒಂದು ಅಭ್ಯಾಸ. ಕಂಟ್ರೋಲ್ 1 ಒತ್ತಿದರೆ ಒಂದು ಪೆಟ್ಟಿಗೆ ಬರುತ್ತದೆ, ಅದರೊಳಗೆ ಆಸ್ಕ್~ 138.5 ಅಂತ ಬರೆಯುತ್ತೇನೆ, ಅಂದರೆ 138.5 ಹರ್ಟ್ಸ್‌ನ ಸದ್ದು. ಪಕ್ಕದಲ್ಲಿ ಆಸ್ಕ್~ 139. ಎರಡರಿಂದಲೂ ಗೆರೆ ಎಳೆದು ಸದ್ದು ತಗ್ಗಿಸುವ *~ 0.1 ಗೆ, ಅಲ್ಲಿಂದ ಸ್ಪೀಕರಿಗೆ ಕಳಿಸುವ ಡ್ಯಾಕ್~ ಗೆ. ಡಿಎಸ್‌ಪಿ ಅನ್ನುವ ಸದ್ದಿನ ಸ್ವಿಚ್ ಆನ್ ಮಾಡಿದ ಕೂಡಲೇ ಕಪ್ಪು ಒಂದರ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿ) ಷಡ್ಜ ಹರಿಯುತ್ತದೆ. ನಡುವೆ ಅರ್ಧ ಹರ್ಟ್ಸ್ ವ್ಯತ್ಯಾಸ ಇದೆಯಲ್ಲ, ಅದಕ್ಕೆ ಎರಡು ಸೆಕೆಂಡಿಗೊಮ್ಮೆ ಸದ್ದು ಉಬ್ಬಿ ಇಳಿಯುತ್ತದೆ. ಮೊದಲ ಸಲ ಕೇಳಿದಾಗ ಅಪ್ಪ, "ತಂಬೂರಿಗೆ ನೆಗಡಿ ಆದ ಹಾಗಿದೆಯಲ್ಲೋ" ಅಂದರು. ಮೂಲ ಸ್ವರದ ಜೊತೆ ಮೊಳಗುವ ಉಪಸ್ವರ ಒಂದೂ ಇಲ್ಲದ ಬೋಳು ಸದ್ದು, ಹಾಗೆ ಕೇಳಿಸದೆ ಇನ್ನೇನು! ಆದರೂ ಪೇಪರ್ ಓದುತ್ತಾ ಅದೇ ಶ್ರುತಿಗೆ ಸಾ ಹಿಡಿಯುತ್ತಾರೆ.

ಇಷ್ಟೇ ಆಗಿದ್ದರೆ ಐದಕ್ಕೆ ಐದು ಕೊಟ್ಟು ಸುಮ್ಮನಾಗುತ್ತಿದ್ದೆ.

ಹೋದ ವರ್ಷ ಒಂದು ಸಣ್ಣ ಪ್ರದರ್ಶನಕ್ಕೆ ಮನೆಯ ಹಳೇ ಒರಳುಕಲ್ಲು ತಗೊಂಡು ಹೋಗಿದ್ದೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ, ಕಂಪನ ಹಿಡಿಯುವ ಪೀಜೋ ಬಿಲ್ಲೆಯೊಂದನ್ನು ಕಲ್ಲಿಗೆ ಟೇಪ್ ಹಾಕಿ ಅಂಟಿಸಿದ್ದೆ. ಯಾರಾದರೂ ಗುಂಡು ತಿರುಗಿಸಿದರೆ ಆ ಗರಗರ ಸದ್ದು ಅಡ್ಕ್~ ಪೆಟ್ಟಿಗೆಯ ಮೂಲಕ ಒಳಗೆ ಬರುತ್ತದೆ, ಎನ್ವ್~ ಪೆಟ್ಟಿಗೆ ಅದರ ಜೋರನ್ನು ಡೆಸಿಬೆಲ್ ಲೆಕ್ಕದಲ್ಲಿ ಹೇಳುತ್ತದೆ. ನನಗೆ ಬೇಕಾಗಿದ್ದು ಸದ್ದು ಎಷ್ಟು ಏರಿತು ಅನ್ನುವುದು. ಅದಕ್ಕೆ ಆ ಸಂಖ್ಯೆಯನ್ನು ಕಳೆಯುವ ಪೆಟ್ಟಿಗೆಯ ಎಡಗಿಂಡಿಗೂ ಬಲಗಿಂಡಿಗೂ ಕೊಟ್ಟಿದ್ದೆ. ಎಡಕ್ಕೆ ಬಿದ್ದ ಸಂಖ್ಯೆಗೆ ಕೂಡಲೇ ಲೆಕ್ಕ ಆಗಿ ಉತ್ತರ ಹೊರಡುತ್ತದೆ, ಬಲಕ್ಕೆ ಬಿದ್ದಿದ್ದು ಮುಂದಿನ ಸಲಕ್ಕೆ ನೆನಪಿನಲ್ಲಿ ಕೂರುತ್ತದೆ. 62 ಇದ್ದಿದ್ದು 70 ಆದರೆ 8 ಹೊರಗೆ ಬರುತ್ತದೆ, ಪರದೆಯ ಮೇಲೆ ಬೆಳಕು ಅಷ್ಟು ಹರಡುತ್ತದೆ. ಮನೆಯಲ್ಲಿ ಒಂದು ವಾರ ಚೆನ್ನಾಗಿ ಓಡಿತ್ತು.

ಹಿಂದಿನ ರಾತ್ರಿ ನನಗೆ ಅಂದಗಾಣಿಸುವ ಬುದ್ಧಿ ಬಂತು. ವೈರ್‌ಗಳು ಸೇವಿಗೆ ಥರ ಸಿಕ್ಕುಸಿಕ್ಕಾಗಿದ್ದವು. ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟು, ಎಡಗಡೆಯ ಒಂದು ವೈರ್ ಅಳಿಸಿ ಮತ್ತೆ ಅಲ್ಲಿಗೇ ಎಳೆದೆ. ಅಷ್ಟೇ. ಬೆಳಗ್ಗೆ ಕಲ್ಲು ತಿರುಗುತ್ತಿದೆ, ಪರದೆ ಕಲ್ಲಿನ ಹಾಗೆ ಕೂತಿದೆ. ಪೀಜೋ ಬದಲಾಯಿಸಿದೆ, ಕೇಬಲ್ ಬದಲಾಯಿಸಿದೆ, ಲ್ಯಾಪ್‌ಟಾಪ್ ಮತ್ತೆ ಆನ್ ಮಾಡಿದೆ. ಎರಡು ಗಂಟೆ ಹೋಯಿತು. ಅಷ್ಟರಲ್ಲಿ ಬಂದ ಒಬ್ಬರು ಅಜ್ಜಿ ನಾಲ್ಕು ಸುತ್ತು ತಿರುಗಿಸಿ, "ಉದ್ದು ನೆನೆಸಿಲ್ವೇನಪ್ಪಾ?" ಅಂತ ಕೇಳಿ ಹೋದರು.

ಏನಾಗಿತ್ತು ಅಂದರೆ, ಪಿಡಿಯಲ್ಲಿ ಒಂದೇ ಕಡೆಯಿಂದ ಎರಡು ವೈರ್ ಹೊರಟರೆ ಯಾವುದನ್ನು ಮೊದಲು ಎಳೆದಿದ್ದೀರೋ ಅದಕ್ಕೆ ಮೊದಲು ಸಂಖ್ಯೆ ಹೋಗುತ್ತದೆ. ಎಡದ್ದನ್ನು ಅಳಿಸಿ ಎಳೆದಿದ್ದರಿಂದ ಅದು ಎರಡನೆಯದಾಯಿತು. ಈಗ 70 ಮೊದಲು ಬಲಕ್ಕೆ ಹೋಗಿ ಕೂರುತ್ತದೆ, ಆಮೇಲೆ ಎಡಕ್ಕೆ ಬರುತ್ತದೆ. ಎಪ್ಪತ್ತರಲ್ಲಿ ಎಪ್ಪತ್ತು ಹೋದರೆ ಸೊನ್ನೆ. ಯಾವಾಗಲೂ ಸೊನ್ನೆ! ಪರದೆಯಲ್ಲಿ ಮಾತ್ರ ನಿನ್ನೆಯ ಪ್ಯಾಚಿಗೂ ಇವತ್ತಿನದಕ್ಕೂ ಒಂದು ಕೂದಲೆಳೆ ವ್ಯತ್ಯಾಸ ಕಾಣಲ್ಲ. ಮ್ಯಾಕ್ಸ್‌ನಲ್ಲಿ ಪೆಟ್ಟಿಗೆಗಳು ಇರುವ ಜಾಗ ನೋಡಿ ಬಲದಿಂದ ಎಡಕ್ಕೆ ಅಂತ ಹೇಳಿಬಿಡಬಹುದು. ಎರಡಕ್ಕೂ ಬೀಜ ಹಾಕಿದ್ದು ಮಿಲ್ಲರ್ ಪಕೆಟ್ ಒಬ್ಬರೇ: ಮ್ಯಾಕ್ಸ್ 80ರ ದಶಕದಲ್ಲಿ ಪ್ಯಾರಿಸ್‌ನ ಇರ್ಕಾಮ್ ಅನ್ನುವ ಸಂಗೀತ ಸಂಶೋಧನಾ ಕೇಂದ್ರದಲ್ಲಿ, ಪಿಡಿ 90ರ ದಶಕದಲ್ಲಿ. ಕಣ್ಣಿಗೆ ಕಾಣುವ (ವಿಷುವಲ್) ಪ್ರೋಗ್ರಾಮಿಂಗ್ ಅಂತ ಹೆಸರು, ಮುಖ್ಯವಾದದ್ದೇ ಕಣ್ಣಿಗೆ ಕಾಣಲ್ಲ ಅಂದರೆ ಸಿಟ್ಟು ಬರಲ್ವಾ?

ಒಂದು ವಾರ ಪಿಡಿ ಮುಟ್ಟಲಿಲ್ಲ.

ಆಮೇಲೆ ಒಂದು ದಿನ ಆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದೆ. ಒಳಗಿರುವುದು ಬರೀ ಅಕ್ಷರ. ಪೆಟ್ಟಿಗೆಗೊಂದು ಸಾಲು, ವೈರಿಗೊಂದು ಸಾಲು. ಕೊನೆಯಲ್ಲಿ 'ಕನೆಕ್ಟ್ 3 0 4 1', ಅದರ ಕೆಳಗೆ 'ಕನೆಕ್ಟ್ 3 0 4 0'. ಮೂರನೇ ನಂಬರಿನ ಪೆಟ್ಟಿಗೆಯಿಂದ ನಾಲ್ಕನೆಯದಕ್ಕೆ, ಮೊದಲು ಬಲಗಿಂಡಿ, ಆಮೇಲೆ ಎಡಗಿಂಡಿ (ಇಲ್ಲಿ ಎಣಿಕೆ ಸೊನ್ನೆಯಿಂದ ಶುರು). ಕಾಣದೆ ಕಾಡಿದ ಕ್ರಮ ಇಲ್ಲಿ ಬೆತ್ತಲಾಗಿ ಕೂತಿತ್ತು. ಎರಡು ಸಾಲು ಅದಲು ಬದಲು ಮಾಡಿ ಉಳಿಸಿದೆ, ಕಲ್ಲು ತಿರುಗಿಸಿದೆ, ಬೆಳಕು ಹರಡಿತು. ಸಿಟ್ಟು ಅರ್ಧ ಇಳಿಯಿತು. ಹಳೇ ಪ್ಯಾಚ್‌ಗಳು ಹೊಸ ಆವೃತ್ತಿಯಲ್ಲೂ ಓಡಬೇಕು ಅನ್ನುವುದು ಇದನ್ನು ಮಾಡಿದವರ ಹಟ. ಹಾಗಾಗಿ ಈ ಕ್ರಮ ಬದಲಾಗುತ್ತದೆ ಅಂತ ನಾನಂತೂ ಕಾಯುತ್ತಿಲ್ಲ.

ಸರಿಯಾದ ಮದ್ದು ಟ್ರಿಗರ್ ಅನ್ನುವ ಪೆಟ್ಟಿಗೆ. 'ಟಿ ಎಫ್ ಎಫ್' ಅಂತ ಬರೆದರೆ ಎರಡು ಕಿಂಡಿ ಸಿಗುತ್ತವೆ, ಯಾವಾಗಲೂ ಬಲದ್ದೇ ಮೊದಲು. ಯಾವ ಪೆಟ್ಟಿಗೆ ಮೇಲಾದರೂ ಬಲ ಕ್ಲಿಕ್ ಮಾಡಿ ಹೆಲ್ಪ್ ಒತ್ತಿದರೆ ಬರುವುದು ಬರೀ ಓದುವ ಪುಟ ಅಲ್ಲ, ನಿಜವಾಗಿ ಓಡುವ ಪ್ಯಾಚ್. ಅಲ್ಲಿಂದಲೇ ಕಾಪಿ ಮಾಡಿಕೊಂಡು ನಮ್ಮದರಲ್ಲಿ ಹಾಕಿಕೊಳ್ಳಬಹುದು. ನಾನು ಕಲಿತಿದ್ದರಲ್ಲಿ ಮುಕ್ಕಾಲು ಪಾಲು ಹೀಗೇ.

ವಿಡಿಯೊಗೆ ಜೆಮ್ ಅನ್ನುವ ಸೇರ್ಪಡೆ ಇದೆ, ನನ್ನ ಬೆಳಕಿನ ಆಟಕ್ಕೆ ಸಾಕು. ನಿಮಗೆ ವಿಡಿಯೊನೇ ಜಾಸ್ತಿ ಬೇಕು, ಲ್ಯಾಪ್‌ಟಾಪ್ ಕೂಡ ಗಟ್ಟಿ ಇದೆ ಅಂದರೆ ಟಚ್‌ಡಿಸೈನರ್‌ಗೆ ಹೋಗಿ. ಸದ್ದು ಬೇಕು, ಕೈಯಲ್ಲಿ ಕಾಸಿಲ್ಲ ಅಂದರೆ ಪಿಡಿ. ಐದಕ್ಕೆ ನಾಲ್ಕು. ಡ್ಯಾಕ್~ ಮುಂಚೆ *~ 0.1 ಹಾಕದೆ ಹೆಡ್‌ಫೋನ್ ಕಿವಿಗೆ ಹಚ್ಚಬೇಡಿ. ವೈರ್‌ಗಳನ್ನು ಅಂದಗಾಣಿಸಲೇಬೇಕು ಅನಿಸಿದರೆ ಫೈಲಿನ ಒಂದು ಪ್ರತಿ ತೆಗೆದಿಟ್ಟು ಶುರು ಮಾಡಿ, ಪ್ರದರ್ಶನದ ಹಿಂದಿನ ರಾತ್ರಿ ಮಾತ್ರ ಬೇಡ.